ಗೊಂಬೆಯ ಅಳತೆ, ತಲೆಯ ಲೆಕ್ಕ

೧

ಕನ್ನಡ ರಂಗಭೂಮಿಯ ಚರಿತ್ರೆ ಬರೆದವರು ಮೊದಲು ಹುಡುಕಿದ್ದು ನಾಟಕದ ಪುಸ್ತಕವನ್ನು. ಪುಸ್ತಕ ಸಿಕ್ಕರೆ ಬರೆದವನ ಹೆಸರು ಸಿಗುತ್ತದೆ, ಹೆಸರು ಸಿಕ್ಕರೆ ಕಾಲ ಸಿಗುತ್ತದೆ, ಕಾಲ ಸಿಕ್ಕರೆ ಚರಿತ್ರೆ ಬರೆಯೋದು ಸುಲಭ. ಈ ದಾರಿ ಹಿಡಿದವರಿಗೆ ಹದಿನೇಳನೆಯ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯ ಸಿಕ್ಕಿದ. ಶ್ರೀಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ಅವನು ಬರೆದ ‘ಮಿತ್ರವಿಂದಾ ಗೋವಿಂದ’ ಕನ್ನಡದ ಮೊದಲ ನಾಟಕವಾಯಿತು. ಅಲ್ಲಿಂದ ಸುಮಾರು ಇನ್ನೂರು ವರ್ಷ ಹಾರಿ ಬಸಪ್ಪ ಶಾಸ್ತ್ರಿಗಳ ಶಾಕುಂತಲ, ಮೈಸೂರು ಅರಮನೆಯ ನಾಟಕ ಸಭೆ, ಗದಗಿನ ಶಾಂತಕವಿ, ೧೮೮೪ರ ಗುಬ್ಬಿ ಕಂಪನಿ. ನಡುವಿನ ಇನ್ನೂರು ವರ್ಷ ಜನ ರಾತ್ರಿ ಹೊತ್ತು ಏನು ನೋಡ್ತಿದ್ರು, ಯಾರು ಆಡ್ತಿದ್ರು ಅಂತ ಕೇಳಿದರೆ ಬೇರೊಂದು ಕಪಾಟಿನಿಂದ ಬೇರೊಂದು ಪುಸ್ತಕ ತೆಗೆದುಕೊಡುತ್ತಾರೆ. ಅದರ ಮೇಲೆ ‘ಜಾನಪದ’ ಅಂತ ಬರೆದಿರುತ್ತದೆ. ನಾನು ಪಾಠ ಹೇಳುವ ತರಗತಿಗಳಲ್ಲೂ ಇದೇ ವಿಂಗಡಣೆ. ನಾಟಕ ಒಂದು ಪತ್ರಿಕೆ, ಜಾನಪದ ಇನ್ನೊಂದು ಪತ್ರಿಕೆ. ಒಂದರಲ್ಲಿ ಲೇಖಕರಿರುತ್ತಾರೆ, ಇನ್ನೊಂದರಲ್ಲಿ ಜಾತಿಗಳಿರುತ್ತವೆ.

ಈ ವಿಂಗಡಣೆಯಲ್ಲಿ ಪೂರ್ತಿ ಕಳೆದುಹೋದ ಸೀಮೆ ಅಂದರೆ ತುಂಗಭದ್ರೆಯ ಉತ್ತರ ದಂಡೆ. ಹಂಪಿಯ ವಿರೂಪಾಕ್ಷ ಗುಡಿಯ ಕಡೆ ನಿಂತು ಹೊಳೆಯ ಆಚೆ ನೋಡಿದರೆ ಕಾಣೋದು ವಿರೂಪಾಪುರಗಡ್ಡೆ. ಗಂಗಾವತಿ ತಾಲ್ಲೂಕಿಗೆ ಸೇರಿದ, ಬಂಡೆ ಮತ್ತು ಭತ್ತದ ಗದ್ದೆಗಳ ನಡುಗಡ್ಡೆ. ೧೯೪೮ರ ಸೆಪ್ಟೆಂಬರ್‌ವರೆಗೆ ಈ ದಂಡೆ ನಿಜಾಮನದು, ಎದುರಿನ ಬಳ್ಳಾರಿ ದಂಡೆ ಮದ್ರಾಸಿನವರದು. ಮೈಸೂರು ಅರಮನೆಯ ಬೆಳಕು ಇಲ್ಲಿಗೆ ಮುಟ್ಟಲಿಲ್ಲ. ಧಾರವಾಡ, ಗದಗಿನ ಮುದ್ರಣ ಯಂತ್ರದ ಸದ್ದೂ ತಡವಾಗಿಯೇ ಕೇಳಿಸಿತು. ಹಂಗಂತ ಈ ದಂಡೆಯ ಜನ ನಾಟಕ ನೋಡದೆ ಮಲಗಿದವರಲ್ಲ. ಇಲ್ಲಿ ರಾತ್ರಿಯಿಡೀ ಆಟ ನಡೆಯುತ್ತಿತ್ತು. ಆಡುತ್ತಿದ್ದವರು ನಟರು ಅನ್ನಿಸಿಕೊಳ್ಳಲಿಲ್ಲ, ಜಾತಿ ಅನ್ನಿಸಿಕೊಂಡರು, ಅಷ್ಟೆ. ನಾವು ‘ಸಮುದಾಯ ರಂಗಭೂಮಿ’ ಎಂಬ ಮಾತನ್ನು ಎಪ್ಪತ್ತರ ದಶಕದಲ್ಲಿ ಕಲಿತೆವು. ಅದಕ್ಕಿಂತ ಬಹಳ ಮೊದಲೇ ಇಲ್ಲಿ ಒಂದೊಂದು ಸಮುದಾಯವೇ ಒಂದೊಂದು ರಂಗಭೂಮಿಯಾಗಿತ್ತು.

ಈ ರಂಗಭೂಮಿಯನ್ನು ನಾಟಕದ ಚರಿತ್ರೆಯೊಳಗೆ ತಂದು ಕೂರಿಸಬೇಕು ಅನ್ನುವುದು ನನ್ನ ಒಂದು ಮಾತು. ತಂದ ಮೇಲೆ ಅದನ್ನು ಪೂಜೆ ಮಾಡದೆ ಕೆಳಗಿನಿಂದ ಓದಬೇಕು ಅನ್ನುವುದು ಇನ್ನೊಂದು. ಎರಡೂ ಕೂಡಿಯೇ ದಲಿತ ವಿಮರ್ಶೆಯ ಕೆಲಸವಾಗುತ್ತದೆ.

೨

ಮೊದಲು ತೊಗಲುಗೊಂಬೆ ಆಟದವರನ್ನು ನೋಡೋಣ. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು, ಕಟಬರು ಎಂಬ ಹೆಸರುಗಳಿರುವ ಈ ಜನ ಮನೆಯಲ್ಲಿ ಮರಾಠಿಗೆ ಹತ್ತಿರದ ಮಾತಾಡುತ್ತಾರೆ, ಆಟವನ್ನು ಕನ್ನಡದಲ್ಲಿ ಆಡುತ್ತಾರೆ. ಮನೆಮಾತಲ್ಲದ ಭಾಷೆಯಲ್ಲಿ ಇಡೀ ರಾಮಾಯಣ ಮಹಾಭಾರತವನ್ನು ನಾಲಿಗೆ ಮೇಲೆ ಇಟ್ಟುಕೊಂಡವರು ಇವರು. ಹಗಲು ಹರಿಗೋಲು ಹಾಕಿ ಮೀನು ಹಿಡಿಯೋದು, ರಾತ್ರಿ ಪರದೆ ಕಟ್ಟೋದು. ಹೆಂಗಸರು ಹಚ್ಚೆ ಹಾಕುತ್ತಿದ್ದರು. ಆಟಕ್ಕೆ ಇಡೀ ಕುಟುಂಬವೇ ತಂಡ: ಗಂಡ ಗೊಂಬೆ ಆಡಿಸಿದರೆ ಹೆಂಡತಿ ಹೆಣ್ಣುಪಾತ್ರದ ಮಾತು ಹೇಳುತ್ತಾಳೆ, ಪದ ಹಾಡುತ್ತಾಳೆ, ಮಕ್ಕಳು ತಾಳ ಹಾಕುತ್ತಾರೆ. ಕಂಪನಿ ನಾಟಕಗಳಲ್ಲಿ ಗಂಡಸರೇ ಸೀರೆಯುಟ್ಟು ಸೀತೆಯಾಗುತ್ತಿದ್ದ ಕಾಲದಲ್ಲಿ ಇಲ್ಲಿ ಪರದೆಯ ಹಿಂದೆ ಸೀತೆಯ ಗಂಟಲು ಹೆಣ್ಣಿನದೇ ಆಗಿತ್ತು. ಈ ಒಂದು ಸಂಗತಿ ಸಾಕು, ‘ಕನ್ನಡದ ಮೊದಲ ನಟಿ ಯಾರು’ ಎಂಬ ನಮ್ಮ ಚರ್ಚೆಯೇ ಬೇರೆ ದಾರಿ ಹಿಡಿಯಬೇಕಾಗುತ್ತದೆ.

ಆಡೇ ತೊಗಲನ್ನು ಕೂದಲು ತೆಗೆದು, ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಕತ್ತರಿಸಿ, ತೂತು ಕೊರೆದು, ಬಣ್ಣ ಹಾಕುತ್ತಾರೆ. ಪರದೆಯ ಹಿಂದೆ ಎಣ್ಣೆಯ ದೀಪ. ಮೊದಲು ಗಣಪತಿ, ಸರಸ್ವತಿ, ಆಮೇಲೆ ಹಾಸ್ಯದ ಗೊಂಬೆಗಳು, ಆಮೇಲೆ ಕಥೆ. ಸುಂದರಕಾಂಡ, ಲಂಕಾದಹನ, ಮೈರಾವಣನ ಕಾಳಗ, ವಿರಾಟಪರ್ವ, ದ್ರೌಪದಿಯ ವಸ್ತ್ರಾಪಹರಣ ಇವು ಊರವರು ಕೇಳಿ ಆಡಿಸುತ್ತಿದ್ದ ಪ್ರಸಂಗಗಳು. ಮಳೆ ಹೋದಾಗ, ದನಕ್ಕೆ ಜಡ್ಡು ಬಂದಾಗ ಗೊಂಬೆ ಆಡಿಸಿದರೆ ಒಳ್ಳೇದಾಗ್ತದೆ ಅನ್ನೋ ನಂಬಿಕೆ ಇತ್ತು. ಊರಿಗೆ ಇವರು ಬೇಕಾಗಿದ್ದರು. ಊರೊಳಗೆ ಬೇಕಾಗಿರಲಿಲ್ಲ.

ಹೊಳೆಯ ಬಗ್ಗೆಯೂ ಒಂದು ಮಾತು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗುಂದಿಯ ಹತ್ತಿರ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬಿದಿರು-ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಮಂದಿ ಕೂತು ದಾಟುತ್ತಿದ್ದರಂತೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಅಂದರೆ ಸಾಮ್ರಾಜ್ಯದ ರಾಜಧಾನಿಗೆ ಹೋಗುವ ದಾರಿ ತೊಗಲಿನ ಮೇಲೆ ತೇಲುತ್ತಿತ್ತು. ಆ ಸೀಮೆಯ ಜನರಿಗೆ ಕಥೆ ಹೇಳಿದ್ದು ತೊಗಲು, ಸಾವು ಮದುವೆ ಜಾತ್ರೆ ಸಾರಿದ್ದು ತೊಗಲು. ತೊಗಲು ಮುಟ್ಟಿದವನ ಮೈ ಮಾತ್ರ ಮೈಲಿಗೆ. ಅದೇ ತೊಗಲನ್ನು ರಾಮನ ಆಕಾರಕ್ಕೆ ಕತ್ತರಿಸಿ ದೀಪದ ಮುಂದೆ ಹಿಡಿದರೆ ಊರೆಲ್ಲ ಕೈಮುಗಿಯುತ್ತಿತ್ತು. ಈ ವಿರೋಧಾಭಾಸವನ್ನು ಪರದೆಯ ಈಚೆ ಕೂತವರು ನೋಡದೆ ಇದ್ದರೂ ಆಚೆ ಕೂತವರಿಗೆ ಅದು ದಿನದ ಅನುಭವ.

ಇವರ ಆಟ ಕಾಗದದ ಮೇಲೆ ಎಲ್ಲಿ ದಾಖಲಾಯಿತು ಅನ್ನುವುದನ್ನೂ ಗಮನಿಸಬೇಕು. ೧೯೦೯ರಲ್ಲಿ ಎಡ್ಗರ್ ಥರ್ಸ್ಟನ್ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಕಿಳ್ಳೇಕ್ಯಾತರಿಗೆ ಜಾಗ ಇದೆ. ರಂಗಭೂಮಿಯ ಪುಸ್ತಕದಲ್ಲಿ ಸಿಗದ ಜಾಗ ಜಾತಿಯ ಪುಸ್ತಕದಲ್ಲಿ ಸಿಕ್ಕಿತು. ಅದೇ ಕಾಲದ ಕಂಪನಿ ಮಾಲೀಕರ ಜೀವನಚರಿತ್ರೆಗಳನ್ನು ನಾವು ಬರೆದೆವು. ಇವರ ಮೂಗು, ಮದುವೆ, ಬಳಿ, ಬೆಡಗುಗಳನ್ನು ವಸಾಹತು ಅಧಿಕಾರಿಗಳು ಬರೆದುಕೊಂಡರು.

೩

ಇನ್ನು ಆಟದ ಒಳಗೆ ಬರೋಣ. ಕರ್ನಾಟಕದ ತೊಗಲುಗೊಂಬೆಗಳ ಬಗ್ಗೆ ಎಲ್ಲರೂ ಹೇಳುವ ಒಂದು ವಿಷಯ ಇದೆ. ಗೊಂಬೆಯ ಅಳತೆ ಪಾತ್ರದ ಅಂತಸ್ತಿನ ಪ್ರಕಾರ ಇರುತ್ತದೆ. ದೇವರು, ರಾಜರು ದೊಡ್ಡ ಗೊಂಬೆ. ಸೇವಕರು, ಸಾಮಾನ್ಯ ಜನ ಸಣ್ಣ ಗೊಂಬೆ. ಕಲಾವಿಮರ್ಶಕರು ಇದನ್ನು ಶೈಲಿಯ ಲಕ್ಷಣ ಅಂತ ಬರೆದು ಮುಂದೆ ಹೋಗುತ್ತಾರೆ. ನಮಗೆ ಹಾಗೆ ಹೋಗಲು ಬರುವುದಿಲ್ಲ. ಇದು ಮನುಸ್ಮೃತಿಯನ್ನು ತೊಗಲಿನಲ್ಲಿ ಕತ್ತರಿಸಿದ ಹಾಗಾಯಿತು. ಕತ್ತರಿಸಿದ ಕೈ ಯಾರದು? ಆ ಅಳತೆಯಲ್ಲಿ ತನಗೂ ಸಣ್ಣ ಗೊಂಬೆಯೇ ಗತಿ ಅಂತ ಗೊತ್ತಿದ್ದವನದು. ‘ಜನಪದರ ಕಲೆ’ ಅಂದ ಮಾತ್ರಕ್ಕೆ ಅದರಲ್ಲಿ ಎಲ್ಲವೂ ಜನರ ಪರ ಇರುತ್ತದೆ ಎಂದು ನಂಬುವ ನಮ್ಮ ಕೆಲವು ಗೆಳೆಯರು ಈ ಅಳತೆಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು. ಮೇಲಿನವರ ಲೋಕದೃಷ್ಟಿ ಕೆಳಗಿನವರ ಕೈಯಿಂದಲೇ ಕೆಲಸ ಮಾಡಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಪುಸ್ತಕಗಳಲ್ಲಿ ಸಿಗುವುದು ಕಷ್ಟ.

ಆದರೆ ಆಟ ಅಲ್ಲಿಗೆ ಮುಗಿಯುವುದಿಲ್ಲ. ಕಿಳ್ಳೇಕ್ಯಾತ ಅಂದರೆ ಆ ಆಟದ ಹಾಸ್ಯಗಾರನ ಹೆಸರು. ಕರ್ರಗಿನ, ವಿಕಾರ ಮೈಯ ಗೊಂಬೆ. ಅವನ ಹೆಂಡತಿ ಬಂಗಾರಕ್ಕ. ರಾಮ ರಾವಣರು ಪದ್ಯದಲ್ಲಿ, ಗ್ರಂಥದ ಮಾತಿನಲ್ಲಿ ಆಡುತ್ತಿದ್ದರೆ ಇವರಿಬ್ಬರು ಊರ ಮಾತಿನಲ್ಲಿ ಆಡುತ್ತಾರೆ, ಜಗಳ ಮಾಡುತ್ತಾರೆ, ಬಯ್ಯುತ್ತಾರೆ, ಕಥೆಯ ನಡುವೆ ನುಗ್ಗಿ ಆ ಊರಿನ ಸುದ್ದಿಯನ್ನೇ ಎತ್ತುತ್ತಾರೆ. ಕೂತವರ ಎದುರು ನೇರ ಹೇಳಲಾಗದ ಮಾತನ್ನು ಹೇಳಲು ಗೊಂಬೆಯ ಬಾಯಿ ಬೇಕಾಗಿತ್ತು. ಓದಿದವರಿಗೆ ಈ ಭಾಗ ಅಶ್ಲೀಲ ಅನ್ನಿಸಿತು. ಸಭಾಮಂದಿರದ ಪ್ರದರ್ಶನಗಳಲ್ಲಿ ಮೊದಲು ಕತ್ತರಿ ಬೀಳೋದು ಇಲ್ಲಿಗೇ. ಬಂಗಾರಕ್ಕನ ಮೈಯನ್ನು ನಗೆಗೆ ಬಳಸುವ ಭಾಗವನ್ನು ನಾನೂ ಒಪ್ಪಲಾರೆ; ಹೆಣ್ಣನ್ನು ಹೀಯಾಳಿಸಿ ಹುಟ್ಟುವ ನಗೆ ಯಾವ ಜಾತಿಯ ಬಾಯಿಂದ ಬಂದರೂ ಹೀಯಾಳಿಕೆಯೇ. ಆದರೆ ಕತ್ತರಿ ಹಿಡಿದವರು ಕಳೆದದ್ದು ಅದನ್ನಷ್ಟೇ ಅಲ್ಲ, ಆಟದ ನಾಲಿಗೆಯನ್ನೂ ಕಳೆದರು.

ಹೆಸರಿನ ರಾಜಕೀಯ ಇನ್ನೂ ಕ್ರೂರವಾದದ್ದು. ಊರು ಇಡೀ ಒಂದು ಜನಾಂಗವನ್ನು ಅವರ ಆಟದ ವಿದೂಷಕನ ಹೆಸರಿನಿಂದ ಕರೆಯಿತು. ಗುಬ್ಬಿ ಕಂಪನಿಯ ನಟರನ್ನು ಯಾರೂ ಅವರ ಹಾಸ್ಯಪಾತ್ರದ ಹೆಸರಿನಿಂದ ಜಾತಿ ಮಾಡಲಿಲ್ಲ. ಇವರು ರಾಮನನ್ನು ಆಡಿಸಿದರು, ಧರ್ಮರಾಯನನ್ನು ಆಡಿಸಿದರು, ಹನುಮಪ್ಪನನ್ನು ಹಾರಿಸಿದರು. ಊರಿನ ನೆನಪಿನಲ್ಲಿ ಅವರಿಗೆ ಅಂಟಿದ್ದು ಕರ್ರಗಿನ ವಿಕಾರ ಗೊಂಬೆ. ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಸಿಳ್ಳೇಕ್ಯಾತ’ ಎಂಬ ನಮೂದು ಇದೆ. ಒಂದು ಗೊಂಬೆಯ ಹೆಸರು ಸರ್ಕಾರಿ ಪ್ರಮಾಣಪತ್ರವಾದ ಕಥೆ ಇದು.

೪

ಈ ದಂಡೆಯಲ್ಲಿ ರಾಮಾಯಣ ಆಡುವುದಕ್ಕೆ ಬೇರೆ ಕಡೆ ಇಲ್ಲದ ಒಂದು ಅರ್ಥ ಇದೆ. ಆನೆಗುಂದಿಯ ಸುತ್ತಲ ಸೀಮೆಯನ್ನೇ ಜನ ಕಿಷ್ಕಿಂಧೆ ಅನ್ನುತ್ತಾರೆ. ಆಂಜನೇಯ ಹುಟ್ಟಿದ್ದು ಅಂಜನಾದ್ರಿಯಲ್ಲಿ, ಶಬರಿ ಕಾದು ಕೂತಿದ್ದು ಪಂಪಾಸರೋವರದ ಹತ್ತಿರ, ಎದುರು ದಂಡೆಯ ನಿಂಬಾಪುರದ ಬೂದಿಗುಡ್ಡೆ ವಾಲಿಯನ್ನು ಸುಟ್ಟ ಬೂದಿ ಅಂತ ಪ್ರತೀತಿ. ಪರದೆಯ ಮೇಲೆ ನಡೆಯುವ ಕಥೆ ನೋಡುವವರ ಹೊಲದಲ್ಲೇ ನಡೆದದ್ದು. ಅಯೋಧ್ಯೆ ಅವರಿಗೆ ಪರದೇಶ. ವಾಲಿ ಸುಗ್ರೀವರು ಊರವರು. ಹೊರಗಿನಿಂದ ಬಂದ ಒಬ್ಬ ರಾಜಕುಮಾರ ಅಣ್ಣ ತಮ್ಮರ ಜಗಳದಲ್ಲಿ ಮರದ ಮರೆಯಿಂದ ಬಾಣ ಬಿಟ್ಟ ಕಥೆಯನ್ನು, ಸತ್ತವನ ಬೂದಿ ತೋರಿಸುವ ಊರಿನಲ್ಲಿ ಕೂತು ನೋಡುವುದು ಬೇರೆಯೇ ರೀತಿಯ ನೋಡುವಿಕೆ.

ಹೊಳೆಯ ಆಚೆ ದಂಡೆಯಲ್ಲಿ ಮಾತಂಗ ಪರ್ವತ ಇದೆ. ವಾಲ್ಮೀಕಿಯ ಪ್ರಕಾರ ಮತಂಗ ಋಷಿಯ ಶಾಪದಿಂದ ವಾಲಿ ಆ ಬೆಟ್ಟದ ಕಡೆ ಕಾಲಿಡುವಂತಿರಲಿಲ್ಲ. ಶಬರಿ ಇದ್ದದ್ದೂ ಮತಂಗರ ಆಶ್ರಮದಲ್ಲೇ. ಮಾತಂಗ ಎಂಬುದು ಬೌದ್ಧರ ಜಾತಕದಲ್ಲಿ ಚಂಡಾಲನಾಗಿ ಹುಟ್ಟಿದ ಬೋಧಿಸತ್ವನ ಹೆಸರು. ಮಾದಿಗರು ತಮ್ಮ ತಾಯಿಯಾಗಿ ಪೂಜಿಸುವುದು ಮಾತಂಗಿಯನ್ನು. ಇಂಥ ಹೆಸರೊಂದು ವಿಜಯನಗರದ ನೆತ್ತಿಯ ಮೇಲೆ ಬೆಟ್ಟವಾಗಿ ನಿಂತಿದೆ. ಶಬರಿ ಕಚ್ಚಿ ರುಚಿ ನೋಡಿದ ಎಂಜಲು ಹಣ್ಣಿನ ಮಾತೂ ವಾಲ್ಮೀಕಿಯಲ್ಲಿಲ್ಲ. ಅದು ಆಮೇಲಿನ ಭಕ್ತಿ ಪರಂಪರೆಗಳಲ್ಲಿ, ಜನರ ಬಾಯಲ್ಲಿ ಬೆಳೆದದ್ದು. ಎಂಜಲು, ಮೈಲಿಗೆ ಅಂದರೆ ಏನು ಅಂತ ಮೈಮೇಲೆ ಅನುಭವಿಸಿದವರಿಗೆ ಮಾತ್ರ ಆ ಹಣ್ಣು ಕಚ್ಚಿಸಬೇಕು ಅಂತ ಹೊಳೆಯಬಹುದು. ಆದರೂ ಅದು ಅರ್ಧ ಗೆಲುವು. ದೇವರು ಎಂಜಲು ತಿಂದ ಅಂತ ಕಥೆ ಕೇಳಿದ ಊರು ಮಾರನೆಯ ದಿನ ಬಾವಿಯಲ್ಲಿ ನೀರು ಸೇದಲು ಬಿಡಲಿಲ್ಲ.

೫

ರಾಮಾಯಣಕ್ಕಿಂತ ಹತ್ತಿರದ ಕಥೆ ಕುಮಾರರಾಮನದು. ಅವನ ಕುಮ್ಮಟದುರ್ಗ ಇದೇ ಗಂಗಾವತಿ ಸೀಮೆಯಲ್ಲಿದೆ. ಕಂಪಿಲರಾಯ ಮಹಮದ್ ಬಿನ್ ತುಘಲಕನಿಗೆ ತಿರುಗಿಬಿದ್ದ ಬಹಾವುದ್ದೀನನಿಗೆ ಆಶ್ರಯ ಕೊಟ್ಟು ೧೩೨೭ರಲ್ಲಿ ರಾಜ್ಯ ಕಳೆದುಕೊಂಡ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ. ಬಯಲಲ್ಲಿ ಅದು ಹಾಡಾಯಿತು, ಆಟವಾಯಿತು. ಬುಡ್ಗ ಜಂಗಮರ ಬುರ್ರಕಥೆಯಲ್ಲಿ ಅದನ್ನು ದರೋಜಿ ಈರಮ್ಮ ಹಾಡುತ್ತಿದ್ದರು. ಸಂಡೂರು ತಾಲ್ಲೂಕಿನ ದರೋಜಿಯ ಈ ತಾಯಿ ಪರಿಶಿಷ್ಟ ಜಾತಿಯ ಅಲೆಮಾರಿ ಸಮುದಾಯದವರು, ಅಕ್ಷರ ಕಲಿಯದವರು; ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿಯಂಥ ಹನ್ನೆರಡು ದೊಡ್ಡ ಕಾವ್ಯಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ೨೦೦೩ರಲ್ಲಿ ಅವರಿಗೆ ನಾಡೋಜ ಪದವಿ ಕೊಟ್ಟಿತು. ೨೦೧೪ರಲ್ಲಿ ತೀರಿಕೊಂಡರು. ಬುರ್ರಕಥೆಯಲ್ಲಿ ಮೂವರೇ ಇರುತ್ತಾರೆ, ನಡುವೆ ಕಥೆ ಹೇಳುವವರು, ಅಕ್ಕಪಕ್ಕ ವಾದ್ಯ ಹಿಡಿದು ದನಿಗೂಡಿಸುವ ಇಬ್ಬರು. ಆ ಮೂವರೇ ರಾಜ, ರಾಣಿ, ದಂಡು, ಎಲ್ಲ. ಪರದೆಯೂ ಬೇಡ, ವೇಷವೂ ಬೇಡ.

ಕಥೆ ಗೊತ್ತಿರುವುದೇ. ಮಲತಾಯಿ ರತ್ನಾಜಿ ಕುಮಾರರಾಮನ ಮೇಲೆ ಸುಳ್ಳು ದೂರು ಹೇಳುತ್ತಾಳೆ, ಕಂಪಿಲ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ರಾಜನಿಗೆ ಬೇರೆ ತಲೆ ತೋರಿಸುತ್ತಾನೆ. ದಿಲ್ಲಿಯ ದಂಡು ಬಂದಾಗ ರಾಮ ಹೊರಗೆ ಬರುತ್ತಾನೆ, ಕಾದುತ್ತಾನೆ. ಶತಮಾನಗಳಿಂದ ಜನ ಬೈಚಪ್ಪನ ಜಾಣತನಕ್ಕೆ ತಲೆದೂಗಿದ್ದಾರೆ. ವಿಮರ್ಶಕರು ಕುಮಾರರಾಮನ ಪರನಾರೀ ಸೋದರತ್ವದ ಬಗ್ಗೆ ಬರೆದಿದ್ದಾರೆ. ಆ ಬೇರೆ ತಲೆ ಯಾರದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ರಾಜಕುಮಾರ ಉಳಿಯಬೇಕು ಅಂದರೆ ಯಾವನೋ ಒಬ್ಬನ ತಲೆ ಹೋಗಲೇಬೇಕಲ್ಲ! ಅವನಿಗೆ ಹೆಸರಿಲ್ಲ, ತಾಯಿ ಇಲ್ಲ, ಅಳುವವರಿಲ್ಲ. ಆಟದಲ್ಲಿ ಅವನಿಗೆ ಗೊಂಬೆಯೂ ಇಲ್ಲ. ಚರಿತ್ರೆಯ ಈ ಲೆಕ್ಕದಲ್ಲಿ ಕೆಲವರ ತಲೆ ಮತ್ತೆ ಕೆಲವರ ತಲೆಗೆ ಚಿಲ್ಲರೆ. ದಲಿತ ವಿಮರ್ಶೆ ಶುರುವಾಗಬೇಕಾದದ್ದು ಈ ಚಿಲ್ಲರೆ ತಲೆಯ ವಿಚಾರಣೆಯಿಂದ.

ಕಥೆಯ ಕೊನೆಯಲ್ಲಿ ದಿಲ್ಲಿಯ ಸುಲ್ತಾನ ಕಳಿಸುವುದು ಮಾತಂಗಿ ಎಂಬ ಹೆಣ್ಣನ್ನು. ಯಾವ ಗಂಡಸಿನ ಕೈಗೂ ಸೋಲದ ರಾಮನ ತಲೆ ಅವಳ ದಂಡಯಾತ್ರೆಯಲ್ಲಿ ಬೀಳುತ್ತದೆ. ಕಾವ್ಯ ಅವಳನ್ನು ಶತ್ರುವಿನ ಪಾಳೆಯದಲ್ಲಿ ನಿಲ್ಲಿಸಿದೆ. ಎದುರಿನ ಬೆಟ್ಟದ ಹೆಸರು ಮಾತಂಗ, ಕೇರಿಯ ತಾಯಿಯ ಹೆಸರು ಮಾತಂಗಿ, ನಾಯಕನ ತಲೆ ತೆಗೆದವಳ ಹೆಸರೂ ಮಾತಂಗಿ. ಈ ಹೆಸರು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಮೇಲಿನವರ ಭಯ ಯಾವ ಹೆಸರು ಹೊತ್ತು ಕನಸಿನಲ್ಲಿ ಬರುತ್ತಿತ್ತು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಓದಬಹುದು. ಕುಮಾರರಾಮನ ಕಥೆಯನ್ನು ಹಿಂದೂ ವೀರನ ಕಥೆಯಾಗಿ ಬಳಸಲು ಕಾದಿರುವವರಿಗೆ ಈ ಓದು ರುಚಿಸದಿರಬಹುದು.

೬

ಈ ಆಟಗಳ ಜೊತೆ ನಮ್ಮ ಚಳವಳಿಯ ಸಂಬಂಧ ಎಂಥದು? ಪಕ್ಕದ ಮಹಾರಾಷ್ಟ್ರ ನೋಡಿ. ಜೋತಿಬಾ ಫುಲೆ ೧೮೫೫ರಲ್ಲೇ ‘ತೃತೀಯ ರತ್ನ’ ಎಂಬ ನಾಟಕ ಬರೆದರು. ಭಟ್ಟರ ಮೋಸ, ಓದಿನ ಅಗತ್ಯ ಅದರ ವಸ್ತು. ದಕ್ಷಿಣಾ ಬಹುಮಾನದ ಸಮಿತಿ ಅದನ್ನು ತಿರಸ್ಕರಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಅಚ್ಚಾಗಲಿಲ್ಲ. ಪುಸ್ತಕ ಇದ್ದರೂ ಚರಿತ್ರೆಯೊಳಗೆ ಬಿಡದ ಉದಾಹರಣೆ ಇದು. ಆದರೆ ಅಲ್ಲಿ ತಮಾಷಾದ ಮೈಯನ್ನೇ ತೆಗೆದುಕೊಂಡು ಸತ್ಯಶೋಧಕ ಜಲಸಾ ಬಂತು, ಆಮೇಲೆ ಭೀಮರಾವ್ ಕರ್ಡಕರಂಥವರ ಅಂಬೇಡ್ಕರಿ ಜಲಸಾ ಬಂತು. ಹಳೆಯ ಆಟದ ಒಳಗೇ ಹೊಸ ಮಾತು ಕೂರಿಸಿದರು.

ನಮ್ಮಲ್ಲಿ ದಾರಿ ಕವಲೊಡೆಯಿತು. ೧೯೭೫ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಜಾಥಾ ಹೊರಟಿತು. ೧೯೭೭ರಲ್ಲಿ ಬಿಹಾರದ ಬೆಲ್ಛಿಯಲ್ಲಿ ದಲಿತರೂ ಸೇರಿ ಹನ್ನೊಂದು ಮಂದಿಯನ್ನು ಕೊಂದು ಸುಟ್ಟದ್ದನ್ನು ಸಿ.ಜಿ. ಕೃಷ್ಣಸ್ವಾಮಿಯವರ ‘ಬೆಲ್ಚಿ’ ಬೀದಿಗೆ ತಂದಿತು. ಅದರ ಬಿಸಿ ದೊಡ್ಡದು. ಆದರೆ ಆಡಿದವರಲ್ಲಿ ಬಹುಪಾಲು ಓದಿದ ವರ್ಗದವರು. ಕೇರಿ ಅಲ್ಲಿ ವಸ್ತುವಾಗಿತ್ತು, ಪ್ರೇಕ್ಷಕವಾಗಿತ್ತು. ದಲಿತ ಸಂಘರ್ಷ ಸಮಿತಿ ಇನ್ನೊಂದು ಮಾತು ಹೇಳಿತು: ಬಿಟ್ಟಿಯಾಗಿ ಹಲಗೆ ಬಡಿಯಬೇಡಿ. ಊರ ಹೆಣಕ್ಕೆ, ಊರ ಹಬ್ಬಕ್ಕೆ ಕೂಲಿಯಿಲ್ಲದೆ ಬಡಿಯುವ ಹಲಗೆ ಗುಲಾಮಗಿರಿಯ ಗುರುತು. ಅದೇ ಹಲಗೆ ಸಮಿತಿಯ ಮೆರವಣಿಗೆಯಲ್ಲಿ, ಹೋರಾಟದ ಹಾಡಿನ ಹಿಂದೆ ಗುಡುಗಿತು. ಸಿದ್ಧಲಿಂಗಯ್ಯನವರು ‘ಏಕಲವ್ಯ’, ‘ಪಂಚಮ’ದಂಥ ನಾಟಕ ಬರೆದರು. ಬಡಿಯಲ್ಲ ಅನ್ನುವ ಹಕ್ಕು ಮೊದಲು, ಬಡಿಯುವ ಖುಷಿ ಆಮೇಲೆ. ಈ ಕ್ರಮವನ್ನು ಅರ್ಥ ಮಾಡಿಕೊಳ್ಳದವರು ‘ದಲಿತ ಚಳವಳಿಯಿಂದ ಜಾನಪದ ಹಾಳಾಯಿತು’ ಅಂತ ಈಗಲೂ ಭಾಷಣ ಮಾಡುತ್ತಾರೆ.

ಆದರೂ ಒಂದು ಕೊರತೆ ಒಪ್ಪಲೇಬೇಕು. ಹೊಲೆಮಾದಿಗರ ಹಲಗೆಗೆ ಚಳವಳಿಯಲ್ಲಿ ಸಿಕ್ಕ ಹೊಸ ಅರ್ಥ ಕಿಳ್ಳೇಕ್ಯಾತರ ಗೊಂಬೆಗೆ, ಬುಡ್ಗ ಜಂಗಮರ ಬುರ್ರಕ್ಕೆ ಸಿಗಲಿಲ್ಲ. ಅಲೆಮಾರಿಗಳಿಗೆ ಕೇರಿಯೂ ಇರಲಿಲ್ಲ. ಸಂಘಟನೆಯ ಫಲಕ ನೆಡಲು ಒಂದು ಜಾಗ ಬೇಕಲ್ಲ? ಆ ಸಮುದಾಯ ತಾನಾಗಿ ಹೊಸದು ಮಾಡಲಿಲ್ಲ ಅಂತೇನೂ ಇಲ್ಲ. ೨೦೨೩ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟವನ್ನು, ಗಾಂಧಿಯನ್ನು, ಬಸವಣ್ಣನನ್ನು ತೊಗಲಿಗೆ ತಂದಿದ್ದರು. ಪುರಾಣ ಬಿಟ್ಟರೆ ಗೊಂಬೆ ಆಡುವುದಿಲ್ಲ ಅನ್ನುವ ಮಾತನ್ನು ಅವರು ಪರದೆಯ ಮೇಲೇ ಸುಳ್ಳು ಮಾಡಿದರು.

೭

೧೯೮೬ರಲ್ಲಿ ಹಂಪಿ ವಿಶ್ವ ಪರಂಪರೆಯ ತಾಣವಾಯಿತು. ವಿರೂಪಾಪುರಗಡ್ಡೆಯಲ್ಲಿ ಗದ್ದೆಗಳ ನಡುವೆ ರೆಸಾರ್ಟುಗಳೆದ್ದವು. ಪರದೇಶಿ ಪ್ರವಾಸಿಗಳು ಹರಿಗೋಲಿನಲ್ಲಿ ದಾಟಿ ಬಂದು ತಿಂಗಳುಗಟ್ಟಲೆ ಇದ್ದರು. ೨೦೨೦ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಮಾರ್ಚಿನಲ್ಲಿ ಆ ಕಟ್ಟಡಗಳನ್ನು ಕೆಡವಿದರು. ಕಲ್ಲಿನ ಪರಂಪರೆಯನ್ನು ಕಾಯಲು ಕಾನೂನಿದೆ, ಕೋರ್ಟಿದೆ, ಬುಲ್ಡೋಜರೂ ಇದೆ. ಅದೇ ಕಲ್ಲುಗಳ ನಡುವೆ ರಾತ್ರಿಯಿಡೀ ನಡೆದ ಆಟಕ್ಕೆ ಇರೋದು ವಸ್ತುಸಂಗ್ರಹಾಲಯದ ಗಾಜು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಗೊಂಬೆ ಕೂಡಿಸಿದ್ದರಿಂದ ಅವು ಉಳಿದವು, ಇಲ್ಲದಿದ್ದರೆ ಹುಳ ತಿನ್ನುತ್ತಿದ್ದವು. ಆ ಉಪಕಾರ ದೊಡ್ಡದು. ಆದರೆ ಗಾಜಿನ ಒಳಗಿನ ಗೊಂಬೆಗೆ ಬೆಳಕು ಮುಂದಿನಿಂದ ಬೀಳುತ್ತದೆ. ಗೊಂಬೆಗೆ ಜೀವ ಬರೋದು ಬೆಳಕು ಹಿಂದಿನಿಂದ ಬಿದ್ದಾಗ.

೨೦೨೫ರಲ್ಲಿ 'ಪದ್ಮಶ್ರೀ' ಬಂದವರಲ್ಲಿ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಒಬ್ಬರು. ಆಗ ಅವರಿಗೆ ತೊಂಬತ್ತಾರು ವರ್ಷ. ಎಪ್ಪತ್ತು ವರ್ಷಕ್ಕೂ ಮೇಲೆ ಗೊಂಬೆ ಆಡಿಸಿದ ಕೈ ಅದು, ಹಲವು ದೇಶ ಸುತ್ತಿದ ಗೊಂಬೆ ಅವು. ಸಂತೋಷ ಪಡೋಣ. ಪ್ರಶಸ್ತಿಯ ಪಟ್ಟಿಯಲ್ಲಿ ಅವರ ಅಡ್ಡಹೆಸರು ಓದುವಾಗ ಅದು ಒಂದು ಗೊಂಬೆಯ ಹೆಸರು ಅನ್ನುವುದನ್ನೂ ನೆನಪಿಡೋಣ. ಮತ್ತೆ ಕೇಳೋಣ: ರಂಗಭೂಮಿಯ ಚರಿತ್ರೆಯ ಮುಂದಿನ ಪುಸ್ತಕದಲ್ಲಿ ಅವರು ಯಾವ ಅಧ್ಯಾಯದಲ್ಲಿ ಬರುತ್ತಾರೆ? ನಟಿಯರ ಅಧ್ಯಾಯದಲ್ಲೋ, ಕೊನೆಯ ಅನುಬಂಧದಲ್ಲೋ?

ನೆರಳಾಟದಲ್ಲಿ ಒಂದು ಸಣ್ಣ ವಿಷಯ ಇದೆ. ಪರದೆಗೆ ಒತ್ತಿ ಹಿಡಿದ ಗೊಂಬೆಯ ಅಳತೆ ಗೊಂಬೆಯಷ್ಟೇ. ಅದೇ ಗೊಂಬೆಯನ್ನು ಪರದೆಯಿಂದ ಹಿಂದಕ್ಕೆ, ದೀಪದ ಹತ್ತಿರಕ್ಕೆ ತಂದರೆ ಸಣ್ಣ ಗೊಂಬೆಯ ನೆರಳೂ ಪರದೆ ತುಂಬುತ್ತದೆ. ಗೆರೆ ಸ್ವಲ್ಪ ಮಸುಕಾಗುತ್ತದೆ, ನಿಜ. ಗೊಂಬೆಯನ್ನು ಯಾರು ಎಷ್ಟು ದೊಡ್ಡದಾಗಿ ಕತ್ತರಿಸಿದರು ಅನ್ನುವುದು ಹಳೆಯ ಚರಿತ್ರೆ. ಮಹಾಡದ ಕೆರೆಯ ನೀರು ಮುಟ್ಟಿದ ೧೯೨೭ರ ಕೈಗಳನ್ನು, ಬೈಚಪ್ಪ ಕಡಿಸಿದ ಆ ಹೆಸರಿಲ್ಲದ ತಲೆಯನ್ನು ಇನ್ನು ಮುಂದೆ ತೊಗಲಿನಲ್ಲಿ ಕತ್ತರಿಸಬೇಕಾಗಿದೆ. ಕತ್ತರಿಸುವ ಕೈ ಮೋರನಾಳದಲ್ಲಿ ಇದೆ, ಬಳ್ಳಾರಿಯಲ್ಲಿ ಇದೆ. ಅದಕ್ಕೆ ಕೂಲಿ ಕೊಡುವವರು, ರಾತ್ರಿಯಿಡೀ ಕೂತು ನೋಡುವವರು ನಾವು ಆಗಬೇಕು.